ಕೊನೆಯ ಸಾಲಿಗೂ ತಂಬೂರಿ ಕೇಳಬೇಕು: ಮನೆಯಲ್ಲಿ ಬೈಠಕ್ ನಡೆಸುವ ಬಗೆ

ಪಡಸಾಲೆಯಲ್ಲಿ ಇಪ್ಪತ್ತು-ಮೂವತ್ತು ಮಂದಿ ಕೂತು ಕೇಳುವ ಹಿಂದೂಸ್ತಾನಿ ಸಂಗೀತ, ಅಂದರೆ ಬೈಠಕ್, ಹಾಡುವವರಿಂದ ಕೆಡುವುದು ಅಪರೂಪ. ಕೆಡಿಸುವುದು ಫ್ಯಾನು, ಮೈಕು, ಸ್ವಾಗತ ಭಾಷಣ, ನಡುವೆ ಬಂದ ಮಂಡಕ್ಕಿ ತಟ್ಟೆ. ಇವನ್ನೆಲ್ಲ ತೂಗಿ ನೋಡಲು ಒಂದೇ ಅಳತೆಗೋಲು ಸಾಕು: ಕೊನೆಯ ಸಾಲಿನಲ್ಲಿ ಕೂತವರಿಗೆ ಮೈಕ್ ಇಲ್ಲದೆ ತಂಬೂರಿ ಕೇಳುತ್ತದೆಯೇ? ಕೇಳಿದರೆ ಗಾಯಕರ ಉಸಿರು, ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಗುಂಕಾರ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಲ್ಲವೂ ಕೇಳುತ್ತವೆ. ಕೇಳದಿದ್ದರೆ ಜಾಗ ದೊಡ್ಡದಾಯಿತು, ಇಲ್ಲವೇ ಜನ ಹೆಚ್ಚಾದರು.

ಕೊಪ್ಪಳ, ರಾಯಚೂರು, ಬಳ್ಳಾರಿಯವರಿಗೆ ಹಾಡುವವರನ್ನು ದೂರದಿಂದ ಕರೆಸಬೇಕಾದ ಬಡತನವಿಲ್ಲ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿರುವ ಗದಗ ಕೊಪ್ಪಳದ ಪಕ್ಕದಲ್ಲೇ ಇದೆ. ಅಲ್ಲಿ ಕಲಿತವರು ಈ ಭಾಗದ ಊರೂರಲ್ಲಿದ್ದಾರೆ. ಹುಬ್ಬಳ್ಳಿ-ಧಾರವಾಡದ ಕಲಾವಿದರು ನೇರ ರೈಲಿನಲ್ಲಿ ಕೊಪ್ಪಳಕ್ಕೂ ಬಳ್ಳಾರಿಗೂ ಬರಬಹುದು. ರಾಯಚೂರಿನ ರಂಗಮಂದಿರವಂತೂ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನೇ ಹೊತ್ತಿದೆ. ಕೊರತೆ ಇರುವುದು ಸಣ್ಣ ಜಾಗದಲ್ಲಿ, ಸಣ್ಣ ಸಭೆಗೆ, ಸರಿಯಾಗಿ ಕೇಳಿಸುವ ಏರ್ಪಾಡಿನದು.

ಮೊದಲು ಜಾಗ

ಹಳೆಯ ಮಾಳಿಗೆ ಮನೆಯ ಪಡಸಾಲೆ ಸಿಕ್ಕರೆ ಬೇರೆ ಕಡೆ ನೋಡಬೇಡಿ. ತೊಲೆ, ಜಂತಿ, ಕಂಬ, ಮಣ್ಣಿನ ಮೇಲ್ಮುದ್ದೆ, ಗೂಡುಗಳಿರುವ ದಪ್ಪ ಗೋಡೆ ಇವೆಲ್ಲ ದನಿಯನ್ನು ಚೂರು ಚೂರು ಮಾಡಿ ಹರಡುತ್ತವೆ, ಒಂದೇ ಕಡೆಯಿಂದ ವಾಪಸು ಎಸೆಯುವುದಿಲ್ಲ. ತೊಂದರೆ ಇರುವುದು ಹೊಸ ಆರ್‌ಸಿಸಿ ಮನೆಗಳಲ್ಲಿ: ನೆಲಕ್ಕೆ ಟೈಲ್ಸ್, ಎದುರುಬದುರು ನುಣ್ಣನೆಯ ಗೋಡೆ, ಮೇಲೆ ಸಪಾಟು ಸ್ಲ್ಯಾಬ್.

ಪರೀಕ್ಷೆ ಸುಲಭ. ಕಲಾವಿದರು ಕೂರುವ ಜಾಗದಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ಜೋರಾಗಿ ತಟ್ಟಿ. ‘ಟಪ್’ ಎಂದು ನಿಂತರೆ ಒಳ್ಳೆಯದು. ‘ಟಪ್-ಝರ್ರ್’ ಎಂದು ಬಾಲ ಬಂದರೆ ದನಿ ಎರಡು ಗೋಡೆಗಳ ನಡುವೆ ಚೆಂಡಿನಂತೆ ಪುಟಿಯುತ್ತಿದೆ ಎಂದರ್ಥ. ಆ ಕೋಣೆಯಲ್ಲಿ ದ್ರುತ್ (ವೇಗದ) ಲಯದ ತಾನ್, ಅಂದರೆ ಸ್ವರಗಳ ಓಟ, ಹಾಡಿದರೆ ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ: ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ ದನಿ ಹೀರುವುದರಲ್ಲಿ ತೆಳ್ಳನೆಯ ಪರದೆಗಿಂತ ಎಷ್ಟೋ ಮೇಲು. ಗಾಯಕರಿಗೆ ಎದುರಾಗುವ ಹಿಂದಿನ ಗೋಡೆಗೆ ಎರಡು, ಒಂದು ಪಕ್ಕದ ಗೋಡೆಗೆ ಒಂದು ಸಾಕು. ಗೋಡೆಗೆ ಅಂಟಿಸಿ ಹಾಕಬೇಡಿ. ಹಗ್ಗ ಕಟ್ಟಿ, ಗೋಡೆಯಿಂದ 3-4 ಇಂಚು ಮುಂದಕ್ಕೆ ಇಳಿಬಿಡಿ. ಹಿಂದೆ ಗಾಳಿಯ ಜಾಗವಿದ್ದರೆ ಅದೇ ಕೌದಿ ಹೆಚ್ಚು ಕೆಲಸ ಮಾಡುತ್ತದೆ. ಕಲಾವಿದರ ಬೆನ್ನ ಹಿಂದಿನ ಗೋಡೆಯನ್ನು ಮಾತ್ರ ಬರಿದಾಗಿ ಬಿಡಿ. ಅದು ದನಿಯನ್ನು ಮುಂದಕ್ಕೆ ತಳ್ಳುತ್ತದೆ. ಹುಮ್ಮಸ್ಸಿನಲ್ಲಿ ನಾಲ್ಕೂ ಗೋಡೆಗೆ ಕೌದಿ ಹೊದಿಸಿದರೆ ಕೋಣೆ ಸತ್ತಂತಾಗಿ, ಗಾಯಕರು ತಮ್ಮ ದನಿ ತಮಗೇ ಕೇಳದೆ ಗಂಟಲು ಬಿಗಿಯುತ್ತಾರೆ. ಜನ ಬಂದು ಕೂತ ಮೇಲೆ ಅವರ ಮೈ, ಬಟ್ಟೆಯೂ ದನಿ ಹೀರುತ್ತವೆ ಎಂಬುದು ಲೆಕ್ಕದಲ್ಲಿರಲಿ. ಖಾಲಿ ಕೋಣೆಯಲ್ಲಿ ತುಸು ಝೇಂಕಾರ ಉಳಿದಿದ್ದರೆ ಅದೇ ಹದ.

ಮಾಳಿಗೆಯ ಮೇಲೆ, ಬೆಳದಿಂಗಳಲ್ಲಿ ಬೈಠಕ್ ಎಂದರೆ ಕೇಳಲು ಚೆಂದ. ಆದರೆ ಅಲ್ಲಿ ದನಿಗೆ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಹಾಡಿದ್ದು ಆಕಾಶಕ್ಕೆ ಹೋಗುತ್ತದೆ. ಮಾಡಲೇಬೇಕೆಂದಿದ್ದರೆ ಮೆಟ್ಟಿಲ ಕೋಣೆಯ ಗೋಡೆಗೆ ಬೆನ್ನು ಮಾಡಿ ಕಲಾವಿದರನ್ನು ಕೂರಿಸಿ, ಕೇಳುಗರು 15 ದಾಟದಿರಲಿ.

ಎಷ್ಟು ಮಂದಿ

ಅಂದಾಜು ಬೇಡ, ಟೇಪು ಹಿಡಿದು ಅಳೆಯಿರಿ. 12 ಅಡಿ ಅಗಲ, 22 ಅಡಿ ಉದ್ದದ ಪಡಸಾಲೆ ಇದೆ ಎನ್ನಿ. ಕಲಾವಿದರಿಗೆ 7 ಅಡಿ ಆಳ ಬೇಕು: ಗಾಯಕರು, ಬಲಕ್ಕೆ ತಬಲಾ, ಎಡಕ್ಕೆ ಹಾರ್ಮೋನಿಯಂ, ಹಿಂದೆ ತಂಬೂರಿ ಮೀಟುವವರು. ಅವರ ಮುಂದೆ 3 ಅಡಿ ಖಾಲಿ ಇರಲಿ. ಮೊದಲ ಸಾಲಿನವರ ಮೊಣಕಾಲು ತಬಲಾಕ್ಕೆ ತಾಗಬಾರದು. ಉಳಿದದ್ದು 12 ಅಡಿ ಉದ್ದ, 12 ಅಡಿ ಅಗಲ. ಓಡಾಡಲು ಪಕ್ಕಕ್ಕೆ 2 ಅಡಿ ಬಿಟ್ಟರೆ ಸಾಲಿಗೆ 10 ಅಡಿ. ಚಕ್ಕಳಮಕ್ಕಳ ಹಾಕಿ ಕೂತವರಿಗೆ ತಲಾ 2 ಅಡಿ ಅಗಲ, ಎರಡೂವರೆ ಅಡಿ ಆಳ ಬೇಕು. ಅಂದರೆ ಸಾಲಿಗೆ ಐದರಂತೆ ನಾಲ್ಕು ಸಾಲು, 20 ಮಂದಿ. ಮಂಡಿನೋವಿನ ಹಿರಿಯರಿಗೆ ಗೋಡೆಯುದ್ದಕ್ಕೆ ನಾಲ್ಕು ಕುರ್ಚಿ. ಒಟ್ಟು 24.

ಇಪ್ಪತ್ನಾಲ್ಕು ಜಾಗಕ್ಕೆ 28 ಮನೆಗೆ ಹೇಳಬಹುದು, 40ಕ್ಕೆ ಅಲ್ಲ. ನಮ್ಮ ಕಡೆ ‘ಬರ್ತೀವ್ರೀ’ ಅಂದವರು ಬಾರದಿರುವುದೂ ಉಂಟು, ಒಬ್ಬರನ್ನು ಕರೆದರೆ ನಾಲ್ವರು ಬರುವುದೂ ಉಂಟು. ‘ಒಬ್ಬರಿಗೆ ಒಂದು ಜಾಗ’ ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ನೆಲಕ್ಕೆ ಜಮಖಾನೆ ಹಾಸಿ, ಕಲಾವಿದರ ಜಾಗಕ್ಕೆ ಎರಡು ಪದರ. ಎತ್ತರ ಬೇಕೆಂದು ಮರದ ಮಂಚ ತಂದು ಜೋಡಿಸುವವರಿದ್ದಾರೆ. ಒಳಗೆ ಪೊಳ್ಳಿರುವ ಮಂಚ ಡಗ್ಗಾದ ದನಿಗೆ ಇನ್ನೊಂದು ಡಗ್ಗಾ ಆಗಿ ‘ಗುಂವ್’ ಎನ್ನುತ್ತದೆ. 24 ಮಂದಿಗೆ ಎತ್ತರ ಬೇಕಾಗಿಯೇ ಇಲ್ಲ.

ಯಾವಾಗ

ನವೆಂಬರಿನಿಂದ ಫೆಬ್ರುವರಿವರೆಗೆ ಸಂಜೆ. ಮಾರ್ಚ್ ಮಧ್ಯದಿಂದ ಮಳೆ ಬೀಳುವವರೆಗೆ ಬೆಳಿಗ್ಗೆ. ರಾಯಚೂರಿನ ಏಪ್ರಿಲ್ ಸಂಜೆಯಲ್ಲಿ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹತ್ತರವರೆಗೂ ಬೆಂಕಿ ಉಗುಳುತ್ತದೆ, ಫ್ಯಾನಿಲ್ಲದೆ ಯಾರೂ ಕೂರಲಾರರು. ಫ್ಯಾನು ಹಾಕಿದರೆ ತಂಬೂರಿ ಕೇಳದು. ಅದೇ ಬೆಳಿಗ್ಗೆ 6.30ಕ್ಕೆ ಶುರು ಮಾಡಿ 8.30ಕ್ಕೆ ಮುಗಿಸಿದರೆ ಫ್ಯಾನಿನ ಹಂಗಿಲ್ಲ. ಇನ್ನೊಂದು ಲಾಭವೂ ಇದೆ: ಸಭೆಗಳೆಲ್ಲ ಸಂಜೆಯೇ ನಡೆಯುವುದರಿಂದ ಭೈರವ್, ತೋಡಿ, ಲಲತ್‌ನಂಥ ಬೆಳಗಿನ ರಾಗಗಳನ್ನು ಎದುರು ಕೂತು ಕೇಳಿದವರು ಕಡಿಮೆ.

ದಿನ ಗೊತ್ತು ಮಾಡುವ ಮುನ್ನ ಓಣಿಯ ಸದ್ದಿನ ಪಂಚಾಂಗ ಬರೆದುಕೊಳ್ಳಿ. ಹತ್ತಿರದ ಕಲ್ಯಾಣ ಮಂಟಪದಲ್ಲಿ ಅಂದು ಮದುವೆ ಇದೆಯೇ? ಗುಡಿಯಲ್ಲಿ ಮಂಗಳಾರತಿ ಎಷ್ಟಕ್ಕೆ? ಪಕ್ಕದ ಮಸೀದಿಯಲ್ಲಿ ಮಗ್ರಿಬ್ ಆಜಾನ್ ಸೂರ್ಯ ಮುಳುಗಿದ ಕೂಡಲೇ ಆಗುತ್ತದೆ, ಇಶಾ ಸುಮಾರು ಒಂದೂಕಾಲು ಗಂಟೆಯ ನಂತರ; ನಿಖರ ಹೊತ್ತನ್ನು ಅಲ್ಲೇ ವಿಚಾರಿಸಿ. ಮಗ್ರಿಬ್ ಮುಗಿದ ಮೇಲೆ ಶುರು ಮಾಡಿ, ಮೊದಲ ರಾಗ ಮುಗಿದು ಚಹಾದ ಬಿಡುವಿರುವಾಗ ಇಶಾ ಬರುವಂತೆ ಹೊಂದಿಸಿದರೆ ಯಾರಿಗೂ ಯಾರಿಂದಲೂ ತೊಂದರೆಯಿಲ್ಲ. ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಕೊಯ್ಲಿನ ದಿನಗಳಲ್ಲಿ ಅಕ್ಕಿ ಗಿರಣಿಯ ಸದ್ದಿನ ಜೊತೆಗೆ ಜನಕ್ಕೆ ಪುರುಸೊತ್ತೂ ಇರುವುದಿಲ್ಲ. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ವಾರ ಇಡುವ ಮಾತೇ ಬೇಡ.

ಕಲಾವಿದರ ಜೊತೆ ಮಾತು

ಒಪ್ಪಿಗೆ ಸಿಕ್ಕ ದಿನವೇ ಕೇಳಬೇಕಾದ ಮೊದಲ ಪ್ರಶ್ನೆ ಹಣದ್ದಲ್ಲ, ಶ್ರುತಿಯದು.

“ಸರ, ತಮ್ಮ ಶ್ರುತಿ ಯಾವುದ್ರೀ?”

“ಕರಿ ಒಂದ್ರೀ. ತಬಲಾ ಅದಕ್ಕ ಕೂಡೂದು ನೋಡಿ ತರಸ್ರಿ.”

ಇಷ್ಟು ಮಾತಾಗದೆ ಕೆಟ್ಟ ಕಾರ್ಯಕ್ರಮಗಳಿಗೆ ಲೆಕ್ಕವಿಲ್ಲ. ಶ್ರುತಿ ಎಂದರೆ ಗಾಯಕರು ಷಡ್ಜ (ಸ) ಇಟ್ಟುಕೊಳ್ಳುವ ಎತ್ತರ; ಕರಿ 1 ಎಂದರೆ ಹಾರ್ಮೋನಿಯಂ ಸಪ್ತಕದ ಮೊದಲ ಕರಿ ಮನೆ. ಹಾಗೆ ಎಣಿಸಿದರೆ ಗಂಡಸರದು ಬಹುತೇಕ ಕರಿ 1 ಅಥವಾ ಅದರ ಅಕ್ಕಪಕ್ಕ, ಹೆಂಗಸರದು ಕರಿ 4, ಕರಿ 5ರ ಸುತ್ತ. ಕರಿ 1ಕ್ಕೆ ಸುಮಾರು ಐದೂವರೆ ಇಂಚು ಬಾಯಿಯ ತಬಲಾ ಬೇಕು. ಕರಿ 4ಕ್ಕೆ ನೇರವಾಗಿ ಷಡ್ಜಕ್ಕೇ ಹೊಂದಿಸುವುದಾದರೆ 6 ಇಂಚಿನ ದೊಡ್ಡ ಬಾಯಿಯದು. ಒಂದರ ಕೆಲಸಕ್ಕೆ ಇನ್ನೊಂದನ್ನು ತಂದು ಸುತ್ತಿಗೆಯಿಂದ ಬಡಿದು ಏರಿಸಲು ಹೋದರೆ ಬದ್ಧಿ (ಬಿಗಿಯುವ ಚರ್ಮದ ಪಟ್ಟಿ) ಹರಿಯುತ್ತದೆ, ಇಲ್ಲವೇ ಹೊದಿಕೆ ಕಿತ್ತುಹೋಗುತ್ತದೆ. ಒಂದು ಉಪಾಯವುಂಟು: ಕರಿ 4ರ ಮಧ್ಯಮ (ಮ) ಕರಿ 1ಕ್ಕೆ ಬೀಳುತ್ತದೆ. ಆದ್ದರಿಂದ ಕರಿ 4ರ ಗಾಯಕಿಗೆ ಕರಿ 1ರ ತಬಲಾವನ್ನು ಮಧ್ಯಮಕ್ಕೆ ಇಟ್ಟುಕೊಂಡು ನುಡಿಸಬಹುದು. ಆದರೆ ರಾಗದಲ್ಲಿ ಶುದ್ಧ ಮಧ್ಯಮ ಇರಬೇಕು. ಯಮನ್‌ಗೆ ಇದು ಒಗ್ಗದು, ಅಲ್ಲಿರುವುದು ತೀವ್ರ ಮಧ್ಯಮ.

ಉಳಿದ ಪ್ರಶ್ನೆಗಳು ಸಣ್ಣವು. ತಂಬೂರಿ ತರುತ್ತಾರೋ, ನೀವೇ ಒದಗಿಸಬೇಕೋ? ಸಾಥಿದಾರರು (ತಬಲಾ, ಹಾರ್ಮೋನಿಯಂ ನುಡಿಸುವವರು) ಅವರ ಕಡೆಯವರೋ, ನಿಮ್ಮೂರಿನವರೋ? ನಿಮ್ಮೂರಿನವರಾದರೆ ಹೆಸರು ಹೇಳಿ ಒಪ್ಪಿಗೆ ಪಡೆಯಿರಿ. ಭಜನೆಗೆ ಚೆನ್ನಾಗಿ ನುಡಿಸುವವರು ವಿಲಂಬಿತ್ (ನಿಧಾನ ಲಯದ) ಏಕತಾಲದ ಠೇಕಾವನ್ನು, ಅಂದರೆ ತಾಳದ ಮೂಲ ಬಡಿತವನ್ನು, ಅರ್ಧ ಗಂಟೆ ಅಲುಗದೆ ಹಿಡಿಯಬಲ್ಲರು ಎಂದು ಭಾವಿಸಬೇಡಿ, ಅದು ಬೇರೆಯೇ ಪಳಗು. ಹಾಡುವ ಮುನ್ನ ಊಟವೋ, ಹಾಡಿದ ಮೇಲೋ? ಬಹಳ ಮಂದಿ ಮೇಲೆ ಎನ್ನುತ್ತಾರೆ.

ಎರಡು ಗಂಟೆಯ ಸಂಜೆಗೆ ಹೀಗೆ ಇಡಬಹುದು: ಯಮನ್ ಅಥವಾ ಪೂರಿಯಾ ಧನಾಶ್ರೀಯಂಥ ಮೊದಲ ರಾಗ 50 ನಿಮಿಷ, ಬಿಡುವು 15, ಬಾಗೇಶ್ರೀ ಅಥವಾ ಮಾಲಕಂಸ್ 25, ಕೊನೆಗೆ ವಚನ, ದಾಸರ ಪದ, ಭೈರವಿ ಸೇರಿ 30. ರಾಗ ಯಾವುದೆಂಬುದು ಅವರಿಗೇ ಬಿಟ್ಟದ್ದು. ಹೊಸ ಕೇಳುಗರೇ ಹೆಚ್ಚೆಂದು ‘ಬರೀ ಭಕ್ತಿಗೀತೆ ಹಾಡ್ರಿ’ ಎಂದು ಕೇಳುವುದು ಕಲಾವಿದರಿಗೂ ಕೇಳುಗರಿಗೂ ಮಾಡುವ ಅವಮಾನ. ಮಾನ್ವಿಯ ಜಗನ್ನಾಥದಾಸರ ಪದಗಳನ್ನೂ ತತ್ವಪದಗಳನ್ನೂ ಏಕತಾರಿಯ ಜೊತೆ ರಾತ್ರಿಯಿಡೀ ಕೂತು ಕೇಳಿದ ಜನ ಇವರು. ನಿಧಾನವಾಗಿ ರಾಗ ಬಿಡಿಸುವ ಆಲಾಪ ಅವರಿಗೆ ಭಾರವಾಗುವುದಿಲ್ಲ.

ಊರಿನ ಭಜನಾ ಮಂಡಳಿಯನ್ನೂ ಸೇರಿಸುವುದಾದರೆ ಮೊದಲು ಅವರದಾಗಲಿ. ದಮ್ಮಡಿ, ತಾಳದ ದನಿ ಜೋರು. ಅದು ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನಿದ್ದರೆ ಕಿವಿ ಸಣ್ಣ ದನಿಗೆ ಮತ್ತೆ ತೆರೆದುಕೊಳ್ಳುತ್ತದೆ.

ಆ ದಿನ

ವಾದ್ಯಗಳು ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಕೋಣೆಯೊಳಗೆ ಬಂದಿರಬೇಕು. ತಬಲಾದ ಚರ್ಮ ಒಣ ಸೆಕೆಗೆ ಬಿಗಿದು ಶ್ರುತಿ ಏರುತ್ತದೆ, ತೇವಕ್ಕೆ ಸಡಿಲಿ ಇಳಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನಿಂದ ತಂದ ಕೂಡಲೇ ಶ್ರುತಿ ಮಾಡಿದರೆ ಅರ್ಧ ಗಂಟೆಯಲ್ಲಿ ಅದು ಬೇರೆಲ್ಲೋ ಇರುತ್ತದೆ. ಇದೇ ಕಾರಣಕ್ಕೆ ಏರ್ ಕೂಲರ್ ಅನ್ನು ಆ ಕೋಣೆಯಿಂದ ಹೊರಗಿಡಿ. ಅದರ ಹಸಿ ಗಾಳಿ ನೇರ ತಬಲಾದ ಮೇಲೆ ಬಿದ್ದರೆ ವಾದಕರು ಹಾಡಿನುದ್ದಕ್ಕೂ ಸುತ್ತಿಗೆ ಕೆಳಗಿಡುವಂತಿಲ್ಲ.

ತಂಬೂರಿಯನ್ನು ಶ್ರುತಿ ಮಾಡುವುದನ್ನು ಕೇಳುಗರೂ ನೋಡಲಿ, ಅದು ಕಾರ್ಯಕ್ರಮದ ಭಾಗವೇ. ನಾಲ್ಕು ತಂತಿ: ಮೊದಲನೆಯದು ಪಂಚಮ, ನಡುವಿನ ಜೋಡಿ ಷಡ್ಜ, ಕೊನೆಯ ಹಿತ್ತಾಳೆ ತಂತಿ ಮಂದ್ರ ಷಡ್ಜ, ಅದನ್ನು ಖರ್ಜ ಎನ್ನುತ್ತಾರೆ. ಮಾಲಕಂಸದಲ್ಲಿ ಪಂಚಮ ಇಲ್ಲ, ಆಗ ಮೊದಲ ತಂತಿ ಮಧ್ಯಮಕ್ಕೆ ಇಳಿಯುತ್ತದೆ. ಬಿರಡೆ ತಿರುಗಿಸಿ ಸ್ವರದ ಹತ್ತಿರ ತಂದು, ಕುದುರೆಯ ಕೆಳಗಿನ ಮಣಿ ಸರಿಸಿ ಕೂಡಿಸುತ್ತಾರೆ. ಕೊನೆಗೆ ತಂತಿ ಮತ್ತು ಕುದುರೆಯ ನಡುವೆ ಸಣ್ಣ ನೂಲೊಂದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾರೆ. ಒಂದು ಕಡೆ ದನಿ ಮಂಕು, ಇನ್ನೊಂದು ಕಡೆ ಬರಿ ಕಿರಿಕಿರಿ; ನಡುವೆ ಒಂದೇ ಒಂದು ಜಾಗದಲ್ಲಿ ತಂತಿ ಜೇನು ಹುಟ್ಟು ಎದ್ದಂತೆ ಮೊರೆಯುತ್ತದೆ. ಅದೇ ಜವಾರಿ. (ಜವಾರಿ ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ರುಚಿಯ ವಿಷಯದಲ್ಲಿ ಹೋಲಿಕೆ ತಪ್ಪಲ್ಲ.) ನಮ್ಮ ಒಣ ಹವೆಗೆ ಮರ ಕುಗ್ಗಿ ಬಿರಡೆ ಜಾರುವುದು ಸಾಮಾನ್ಯ, ಒಂದು ತುಂಡು ಸೀಮೆಸುಣ್ಣ ಇಟ್ಟುಕೊಂಡಿರಿ, ಬಿರಡೆಗೆ ಸವರಿದರೆ ಹಿಡಿಯುತ್ತದೆ.

ಈಗ ಕೊನೆಯ ಸಾಲಿನಲ್ಲಿ ಹೋಗಿ ಕೂತು ಕೇಳಿ. ಫ್ಯಾನು ಬಂದ್ ಮಾಡಿದಾಗ ಕೇಳುತ್ತಿದ್ದು ಹಾಕಿದಾಗ ಮಾಯವಾದರೆ ಉತ್ತರ ಸಿಕ್ಕಿತು. ಸಂಜೆ ಐದಕ್ಕೇ ಕಿಟಕಿ ತೆರೆದು ಗಾಳಿಯಾಡಲು ಬಿಡಿ, ಜನ ಕೂರುವಾಗ ಫ್ಯಾನು ಜೋರಾಗಿ ಓಡಲಿ, ತಂಬೂರಿ ಶುರುವಾದಾಗ ಬಂದ್. ಬಿಡುವಿನಲ್ಲಿ ಮತ್ತೆ ಹಾಕಿ. ಮೊದಲೇ ಹೀಗೆಂದು ಹೇಳಿದರೆ ಜನ 50 ನಿಮಿಷ ಸುಮ್ಮನೆ ಕೂರುತ್ತಾರೆ, ಹೇಳದೆ ಆರಿಸಿದರೆ ಗೊಣಗುತ್ತಾರೆ. ಹಳೆಯ ಟ್ಯೂಬ್‌ಲೈಟಿನ ಚೋಕು ಗುಂಯ್ಗುಡುತ್ತಿದ್ದರೆ ಅಂದಿನ ಮಟ್ಟಿಗೆ ಎಲ್‌ಇಡಿ ಬಲ್ಬು ಹಾಕಿ. ಕರೆಂಟು ಹೋದಾಗ ಅಗ್ಗದ ಇನ್ವರ್ಟರಿನ ಮೇಲೆ ಫ್ಯಾನು ಇನ್ನೂ ಜೋರು ಗುಂಯ್ಗುಡುತ್ತದೆ. ಅದಕ್ಕೆ ಬಲ್ಬು ಮಾತ್ರ ಜೋಡಿಸಿ.

ಮೊಬೈಲಿನಲ್ಲಿ ತಂಬೂರಿ ಆಪ್ ಬಳಸುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲವಾದರೆ ಸರಿಯಾಗಿ ತಾಳದ ಮೊದಲ ಮಾತ್ರೆಯಾದ ಸಮ್‌ನ ಮೇಲೇ ಯಾರೋ ಸಾಲ ಬೇಕೇ ಎಂದು ಫೋನು ಮಾಡುತ್ತಾರೆ.

ಶುರುವಿಗೆ ಮುನ್ನ ಐದು ನಿಮಿಷ ಇದ್ದರೆ ಅದನ್ನು ಸ್ವಾಗತ, ದೀಪ, ಶಾಲು, ಹಾರಗಳಿಗೆ ಸುರಿಯಬೇಡಿ. ತಬಲಾದವರನ್ನು ಕೇಳಿ ತೀನ್‌ತಾಲ ಒಂದನ್ನು ನುಡಿಸಿ ತೋರಿಸಲು ಹೇಳಿ: 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಮನೆ; 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ ಕೈ. ಎಲ್ಲರೂ ಎರಡು ಸುತ್ತು ಕೈಯಲ್ಲಿ ಹಾಕಲಿ. ಆಮೇಲೆ ಗಾಯಕರು ಎಲ್ಲೆಲ್ಲೋ ಸುತ್ತಾಡಿ ಒಂದನೆಯ ಮಾತ್ರೆಗೆ ಬಂದು ಬಿದ್ದಾಗ ಹೊಸಬರ ತಲೆಯೂ ತಾನಾಗಿ ಅಲ್ಲಾಡುತ್ತದೆ. ಶಾಲೆಯಲ್ಲೋ ವೃದ್ಧಾಶ್ರಮದಲ್ಲೋ ಮಾಡುವಾಗ ಇದು ಇನ್ನೂ ಮುಖ್ಯ. ಅಲ್ಲಿ ಒಟ್ಟು 45 ನಿಮಿಷ ದಾಟಿಸಬೇಡಿ, ಮಕ್ಕಳಿಗೆ ತಂತಿ ಮುಟ್ಟಿ ನೋಡಲು ಬಿಡಿ.

ತಡವಾಗಿ ಬಂದವರು ರಾಗ ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲಲಿ. ಅದಕ್ಕೊಬ್ಬರನ್ನು ನಿಲ್ಲಿಸಿ, ಮುಲಾಜಿಲ್ಲದವರನ್ನು.

ಮೈಕ್ ಬೇಕೇಬೇಕೆಂದರೆ

ಗುಡಿಯ ಕಟ್ಟೆಯಲ್ಲಿ, 60-70 ಮಂದಿಗೆ ಎಂದಾಗ ಬೇಕಾಗಬಹುದು. ಆಗ ಗಾಯಕರಿಗೊಂದು, ತಂಬೂರಿಗೊಂದು ಮೈಕು ಸಾಕು. ತಬಲಾ, ಹಾರ್ಮೋನಿಯಂ ತಾವೇ ಜೋರಾಗಿರುತ್ತವೆ, ಅವುಗಳಿಗೂ ಕೊಟ್ಟರೆ ಗಾಯಕರ ದನಿ ಮುಳುಗುತ್ತದೆ. ಮೈಕ್‌ಸೆಟ್‌ನವರಿಗೆ ಹೇಳಬೇಕಾದ ಮಾತು ಒಂದೇ: ‘ಎಕೋ ಪೂರ್ತಿ ಇಳಸ್ರಿ.’ ಅವರು ಇಳಿಸಿ, ಐದು ನಿಮಿಷದ ನಂತರ ಅಭ್ಯಾಸ ಬಲದಿಂದ ಮತ್ತೆ ಏರಿಸುತ್ತಾರೆ. ಮಿಕ್ಸರಿನ ಪಕ್ಕ ನಿಮ್ಮವರೊಬ್ಬರು ಕೂತಿರಲಿ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ವಾರ ಮೊದಲೇ ಠಾಣೆಯಲ್ಲಿ ವಿಚಾರಿಸಿ.

ತಿಂಡಿ, ಹಣ

ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಲ್ಲದೆ ಈ ಭಾಗದಲ್ಲಿ ಸಂಜೆ ಪೂರ್ತಿಯಾಗದು, ನಿಜ. ಆದರೆ ಅದು ಕೊನೆಗೆ. ಬಿಡುವಿನಲ್ಲಿ ಹಂಚಿದರೆ ಎರಡನೆಯ ರಾಗದ ಆಲಾಪದುದ್ದಕ್ಕೂ ಕರಕರ ಕೇಳುತ್ತದೆ. ಮಿರ್ಚಿಯ ಎಣ್ಣೆ ಹೊಗೆ ಗಾಯಕರ ಗಂಟಲಿಗೂ ಹಿಡಿಯುತ್ತದೆ. ಬಿಡುವಿಗೆ ಚಹಾ ಸಾಕು, ಕಲಾವಿದರಿಗೆ ಬಿಸಿನೀರು.

ಹಣದ ಲೆಕ್ಕ ಹೀಗಿಡಬಹುದು: 24 ಮಂದಿ ತಲಾ 400 ರೂಪಾಯಿ ಕೊಟ್ಟರೆ 9,600. ಅದಷ್ಟೂ ಕಲಾವಿದರಿಗೆ, ಚಹಾ, ತಿಂಡಿ, ಊಟ, ಪ್ರಯಾಣ ಕರೆದ ಮನೆಯವರದು ಅಥವಾ ನಾಲ್ಕು ಮನೆ ಹಂಚಿಕೊಂಡದ್ದು. ಮೊತ್ತ ಎಷ್ಟೇ ಇರಲಿ, ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ‘ಎಷ್ಟು ಕೂಡ್ತದೋ ಅಷ್ಟು’ ಎಂಬ ಮಾತು ಬೇಡ. ಸಾಥಿದಾರರ ಲಕೋಟೆ ಬೇರೆ, ಅವರವರ ಕೈಗೇ. ಇದನ್ನೆಲ್ಲ ಊಟಕ್ಕೆ ಮೊದಲೇ, ಒಳಗಿನ ಕೋಣೆಯಲ್ಲಿ ಮುಗಿಸಿ.

ಜನ ಹೋದ ಮೇಲೆ ತಂಬೂರಿಯ ತಂತಿಗಳನ್ನು ಒಂದೆರಡು ಸ್ವರದಷ್ಟು ಸಡಿಲಿಸಿ ಗವಸಣಿಗೆಗೆ ಹಾಕಬೇಕು. ಬಿಗಿದಂತೆಯೇ ಬಿಟ್ಟರೆ ರಾತ್ರಿಯ ತಂಪಿಗೆ ತಂತಿ ಹರಿಯಬಹುದು. ಮರುದಿನದ ಪ್ರಯಾಣದಲ್ಲಿ ಅದನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಸೋರೆ ಬುರುಡೆ ಒಂದೇ ಪೆಟ್ಟಿಗೆ ಬಿರುಕು ಬಿಡುತ್ತದೆ. ರೈಲಿನಲ್ಲಾದರೆ ಮೇಲಿನ ಬರ್ತು, ಬುರುಡೆ ಗೋಡೆಯ ಕಡೆಗೆ, ಕೆಳಗೊಂದು ಮಡಿಸಿದ ಕೌದಿ.